ಮೋರಿಯ ಚಪ್ಪಡಿ ಯಾರ ಅಮಾನತ್?

ಕಳೆದ ತಿಂಗಳ ಎರಡು ಜುಮಾಗಳಲ್ಲಿ ನಾವು ಮಿಂಬರ್‌ನಿಂದ ಒಂದೇ ವಿಷಯದ ಮೇಲೆ ಮಾತನಾಡಿದೆವು. ನಾವು ಬದುಕುತ್ತಿರುವ ಬೆಂಗಳೂರು ನಗರದ ಆಡಳಿತ ಮತ್ತು ಅದರಲ್ಲಿ ಸತ್ಯವಿಶ್ವಾಸಿಯ ಹೊಣೆ, ಇದೇ ಆ ವಿಷಯ. ಖುತ್ಬಾದ ಸಮಯ ಕಡಿಮೆ. ಅಲ್ಲಿ ಹೇಳಲಾಗದೆ ಉಳಿದ ವಿವರಗಳನ್ನೂ ಸೇರಿಸಿ ಅದರ ಸಾರಾಂಶವನ್ನು ಇಲ್ಲಿ ಬರೆಯುತ್ತಿದ್ದೇವೆ. "ಮೋರಿ, ಕಸ, ಬೀದಿದೀಪ ಇವೆಲ್ಲ ದೀನಿನ ವಿಷಯವೇ?" ಎಂದು ನಮ್ಮ ಜಮಾಅತ್‌ನಲ್ಲಿ ಒಬ್ಬರು ಕೇಳಿದರು. ಓದುಗರಲ್ಲೂ ಕೆಲವರು ಕೇಳಬಹುದು. ಉತ್ತರ ಕೊಡುವ ಮೊದಲು ನಡೆದ ಸಂಗತಿಯನ್ನು ಹೇಳುತ್ತೇವೆ.

ನಮ್ಮ ಮಸೀದಿಗೆ ತಿರುಗುವ ಓಣಿಯ ಮೂಲೆಯಲ್ಲಿ ಮೋರಿಯ ಮೇಲಿದ್ದ ಒಂದು ಚಪ್ಪಡಿ ಮುರಿದು ಬಿದ್ದಿತ್ತು. ಯಾರೋ ಅದರ ಮೇಲೆ ಹಲಗೆ ಇಟ್ಟರು. ಕೆಲವು ದಿನಗಳಲ್ಲಿ ಹಲಗೆಯೂ ಕಾಣೆಯಾಯಿತು. ನಾಲ್ಕು ತಿಂಗಳ ಕಾಲ ನಾವೆಲ್ಲ ಅದನ್ನು ದಾಟಿಕೊಂಡೇ ದಿನಕ್ಕೆ ಐದು ಹೊತ್ತು ಮಸೀದಿಗೆ ಬಂದೆವು. ಮಳೆಗಾಲದ ಒಂದು ಬೆಳಗಿನ ಜಾವ, ಫಜ್ರ್ ನಮಾಝ್‌ಗೆ ಬರುತ್ತಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಅಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ನೀರು ರಸ್ತೆಯ ಮಟ್ಟಕ್ಕೆ ನಿಂತಿದ್ದರಿಂದ ಮೋರಿ ಎಲ್ಲಿ, ರಸ್ತೆ ಎಲ್ಲಿ ಎಂದು ಅವರಿಗೆ ತಿಳಿಯಲಿಲ್ಲ.

ನಾವು ಆಸ್ಪತ್ರೆಗೆ ಹೋಗಿ ಅವರ ಪಕ್ಕದಲ್ಲಿ ಕುಳಿತೆವು. ನೋವಿನ ನಡುವೆಯೂ ಅವರು ಕೇಳಿದ್ದು ಒಂದೇ ಮಾತು: "ಹಜ್ರತ್, ಆ ಚಪ್ಪಡಿ ಹಾಕಿಸಿದ್ರಾ? ಮದ್ರಸಾ ಮಕ್ಕಳು ಅದೇ ದಾರೀಲಿ ಬರ್ತಾರೆ." ನಮ್ಮ ಬಳಿ ಉತ್ತರ ಇರಲಿಲ್ಲ.

ಅಂದು ಇಶಾ ನಮಾಝ್‌ನ ನಂತರ ಜಮಾಅತ್‌ನವರೊಂದಿಗೆ ಮಾತಿಗೆ ಕುಳಿತೆವು. ದೆಹಲಿಯಲ್ಲಿ ಯಾವ ಮಂತ್ರಿ ಏನು ಹೇಳಿದರು, ಅಮೆರಿಕದ ಚುನಾವಣೆಯಲ್ಲಿ ಯಾವ ರಾಜ್ಯ ಯಾರ ಕೈಗೆ ಹೋಯಿತು ಎಂಬುದೆಲ್ಲ ನಮ್ಮ ಯುವಕರಿಗೆ ಬಾಯಿಪಾಠ. "ನಮ್ಮದು ಯಾವ ವಾರ್ಡು?" ಎಂದು ಕೇಳಿದಾಗ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಚ್ಚಿಟ್ಟು ಪ್ರಯೋಜನವಿಲ್ಲ, ನಮಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಆ ಓಣಿಯಲ್ಲಿ ಇಮಾಮತ್ ಮಾಡುತ್ತಿರುವ ನಮಗೆ ಆ ಮೋರಿ ಯಾರ ಸುಪರ್ದಿಯಲ್ಲಿದೆ ಎಂದು ತಿಳಿದಿರಲಿಲ್ಲ.

ಉತ್ತರ ಸಿಕ್ಕಿದ್ದು ಮಸೀದಿಯ ಎದುರಿನ ಹೊಲಿಗೆ ಅಂಗಡಿಯವರಿಂದ. ಅವರು ಮುಸ್ಲಿಮರಲ್ಲ, ಪಕ್ಕದ ಬೀದಿಯ ಗುಡಿಯ ಸಮಿತಿಯಲ್ಲಿರುವವರು. ಮರುದಿನ ಬೆಳಿಗ್ಗೆ ಅಂಗಡಿ ಮುಚ್ಚಿ, ನಮ್ಮನ್ನು ವಾರ್ಡ್ ಎಂಜಿನಿಯರ್ ಕಚೇರಿಗೆ ಕರೆದುಕೊಂಡು ಹೋದರು. ಎಂಜಿನಿಯರ್ ಸಮಾಧಾನದಿಂದ ಕೇಳಿ, ದೂರುಗಳ ರಿಜಿಸ್ಟರ್ ತೆರೆದು ನಮ್ಮ ಮುಂದಿಟ್ಟರು. ಪಕ್ಕದ ಬೀದಿಯಿಂದ ಮೂರು ದೂರು ಬಂದಿದ್ದವು, ಮೂರೂ ಮುಗಿದಿದ್ದವು. ನಮ್ಮ ಓಣಿಯಿಂದ ನಾಲ್ಕು ತಿಂಗಳಲ್ಲಿ ಒಂದೇ ಒಂದು ದೂರೂ ಬಂದಿರಲಿಲ್ಲ.

ಚಹಾ ಅಂಗಡಿಯಲ್ಲಿ ದೂರಿದ್ದೆವು, ಶಾಸಕರ ಕಡೆಯವರೆಂದು ಹೇಳಿಕೊಂಡು ಬಂದ ಹುಡುಗನ ಬಳಿ ದೂರಿದ್ದೆವು, ನೀರಿನ ಟ್ಯಾಂಕರಿನವನ ಬಳಿಯೂ ದೂರಿದ್ದೆವು. ಕೇಳಬೇಕಾದವರನ್ನು ಮಾತ್ರ ಕೇಳಿರಲಿಲ್ಲ. ದೂರು ಬರೆದುಕೊಟ್ಟ ಒಂಬತ್ತನೆಯ ದಿನ ಹೊಸ ಚಪ್ಪಡಿ ಬಂತು.

ದೀನ್ ಏನು ಹೇಳುತ್ತದೆ?

ಈಮಾನ್‌ಗೆ ಎಪ್ಪತ್ತಕ್ಕೂ ಹೆಚ್ಚು ಶಾಖೆಗಳಿವೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಅವುಗಳಲ್ಲಿ ಅತ್ಯುನ್ನತವಾದದ್ದು ಕಲಿಮಾ. ಕೊನೆಯ ಶಾಖೆ ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದು. ಈ ಹದೀಸನ್ನು ನಾವು ಮದ್ರಸಾದಲ್ಲಿ ಚಿಕ್ಕಂದಿನಲ್ಲೇ ಕಲಿಯುತ್ತೇವೆ. ಮುಳ್ಳು, ಕಲ್ಲು ಎಂದು ಅರ್ಥ ಹೇಳುತ್ತೇವೆ. ಆದರೆ ಇಂದಿನ ನಗರದ ದಾರಿಯಲ್ಲಿ ತೊಂದರೆ ಕೊಡುವುದು ಬರಿಯ ಮುಳ್ಳಲ್ಲ. ತೆರೆದ ಮೋರಿ, ಉರಿಯದ ದೀಪ, ಜೋತುಬಿದ್ದ ತಂತಿ, ಮೂಲೆಯ ಕಸದ ರಾಶಿ. ಇವನ್ನು ಒಬ್ಬನೇ ಬಗ್ಗಿ ಎತ್ತಿ ಪಕ್ಕಕ್ಕಿಡಲು ಆಗುವುದಿಲ್ಲ. ಎತ್ತುವ ಕೈ ಯಾವ ಕಚೇರಿಯದು ಎಂದು ತಿಳಿದು, ಆ ಕೈಯನ್ನು ಕರೆಯುವುದೇ ಇಂದು ದಾರಿಯನ್ನು ಸ್ವಚ್ಛಗೊಳಿಸುವ ರೀತಿ.

ಇನ್ನೊಂದು ಹದೀಸ್ ಬುಖಾರಿಯಲ್ಲಿದೆ, ಹ. ನುಅಮಾನ್ ಬಿನ್ ಬಶೀರ್(ರ) ವರದಿ ಮಾಡಿದ್ದು. ಒಂದು ಹಡಗಿನ ಮೇಲಂತಸ್ತಿನಲ್ಲಿ ಕೆಲವರು, ಕೆಳಗೆ ಕೆಲವರು ಇರುತ್ತಾರೆ. ಕೆಳಗಿನವರಿಗೆ ನೀರು ಬೇಕಾದರೆ ಮೇಲೆ ಹೋಗಬೇಕು. ಮೇಲಿನವರಿಗೆ ತೊಂದರೆ ಕೊಡುವುದೇಕೆ, ನಮ್ಮ ಭಾಗದಲ್ಲೇ ಒಂದು ತೂತು ಕೊರೆಯೋಣ ಎಂದು ಅವರು ಯೋಚಿಸುತ್ತಾರೆ. ಅವರನ್ನು ಹಾಗೆಯೇ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ.

ಕೆಳಗಿನವರು ಕೆಟ್ಟವರೇನಲ್ಲ ಎಂಬುದನ್ನು ಗಮನಿಸಬೇಕು. ಅವರಿಗೆ ಬಾಯಾರಿಕೆ ಇತ್ತು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಲ್ಲದೆ ಪರದಾಡಿದ್ದನ್ನು ನೆನಪಿಸಿಕೊಳ್ಳಿ. ಕಾವೇರಿ ಬಾರದ ಬಡಾವಣೆಗಳಲ್ಲಿ ಒಬ್ಬೊಬ್ಬರೂ ತಮ್ಮ ನಿವೇಶನದಲ್ಲಿ ಕೊಳವೆಬಾವಿ ಕೊರೆಸಿದ್ದರು. ಎಲ್ಲರೂ ಕೊರೆದದ್ದು ಒಂದೇ ಹಡಗಿನ ತಳವನ್ನು. ಅಂತರ್ಜಲ ಇಳಿದಾಗ ಕೊರೆಸಿದವನ ಬಾವಿಯೂ ಬತ್ತಿತು, ಕೊರೆಸದವನ ಬಾಯಿಯೂ ಒಣಗಿತು. ಕೈ ಹಿಡಿಯುವುದೆಂದರೆ ಬಾಯಾರಿದವನನ್ನು ಬೈಯುವುದು ಮಾತ್ರವಲ್ಲ. ಅವನಿಗೆ ಮೇಲಂತಸ್ತಿನಿಂದ ನೀರು ಬರುವ ದಾರಿ ಮಾಡಿಕೊಡುವುದೂ ಹೌದು. ನಗರದ ರಾಜಕೀಯವೆಂದರೆ ಮೂಲದಲ್ಲಿ ಇದೇ. ನೀರು, ದಾರಿ, ಬೆಳಕು ಯಾರಿಗೆ ಮೊದಲು, ಯಾರಿಗೆ ನಂತರ, ಯಾವ ಲೆಕ್ಕದಲ್ಲಿ ಎಂಬ ನಿರ್ಧಾರ. ಆ ನಿರ್ಧಾರ ನಡೆಯುವ ಜಾಗದಲ್ಲಿ ನಾವು ಇಲ್ಲದಿದ್ದರೆ ನಮ್ಮ ಬಾಯಾರಿಕೆಯ ಸುದ್ದಿ ಅಲ್ಲಿಗೆ ತಲುಪುವುದಿಲ್ಲ.

ಯಾವ ಕೆಲಸ ಯಾರದು?

ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಸೂರಃ ಅನ್ನಿಸಾದ 58ನೆಯ ಆಯತ್‌ನಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಸಾರ್ವಜನಿಕ ಅಧಿಕಾರವೂ ಒಂದು ಅಮಾನತ್ ಎಂದು ಉಲಮಾಗಳು ಈ ಆಯತ್‌ನ ವಿವರಣೆಯಲ್ಲಿ ಹೇಳಿದ್ದಾರೆ. ಆದರೆ ಅಮಾನತ್ ಯಾರ ಕೈಯಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ಅದನ್ನು ಕೇಳುವುದು ಹೇಗೆ? ಆದ್ದರಿಂದ ಮೊದಲು ಇದನ್ನು ತಿಳಿಯೋಣ.

ಸಂಸತ್ ಸದಸ್ಯರು ದೆಹಲಿಯಲ್ಲಿ ಕಾನೂನು ಮಾಡುವವರು. ಶಾಸಕರು ವಿಧಾನಸೌಧದಲ್ಲಿ ರಾಜ್ಯದ ಕಾನೂನು ಮಾಡುವವರು. ನಮ್ಮ ಬೀದಿಯ ಕೆಲಸಕ್ಕಾಗಿ ಆರಿಸಲ್ಪಡುವವರು ಕಾರ್ಪೊರೇಟರ್. ನಾವು ಮಾತ್ರ ಮೋರಿಗೂ ಶಾಸಕರನ್ನೇ ಹುಡುಕುತ್ತೇವೆ.

ವಾರ್ಡಿನ ರಸ್ತೆ, ಫುಟ್‌ಪಾತ್, ಬೀದಿದೀಪ, ಮಳೆನೀರಿನ ಮೋರಿ, ರಾಜಕಾಲುವೆ, ಕಸ, ಉದ್ಯಾನ, ಆಸ್ತಿ ತೆರಿಗೆ, ಖಾತಾ ಇವು ಪಾಲಿಕೆಯ ವ್ಯಾಪ್ತಿಗೆ ಬರುತ್ತವೆ. ದೂರಿನ ಸಂಖ್ಯೆ 1533.

ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಯದು. 1964ರಲ್ಲಿ ಸ್ಥಾಪನೆಯಾದ ಸಂಸ್ಥೆ ಇದು. ದೂರಿನ ಸಂಖ್ಯೆ 1916. ಇಲ್ಲಿಯೇ ಹೆಚ್ಚಿನವರು ತಪ್ಪುತ್ತಾರೆ. ರಸ್ತೆಯ ಬದಿಯಲ್ಲಿ ಚಪ್ಪಡಿ ಮುಚ್ಚಿರುವುದು ಮಳೆನೀರಿನ ಮೋರಿ, ಅದು ಪಾಲಿಕೆಯದು. ರಸ್ತೆಯ ಮಧ್ಯೆ ದುಂಡು ಮುಚ್ಚಳವಿರುವ ಮ್ಯಾನ್‌ಹೋಲ್ ಮನೆಗಳ ಕೊಳಚೆ ನೀರಿನದು, ಅದು ಜಲಮಂಡಳಿಯದು. ಉಕ್ಕುತ್ತಿರುವುದು ಯಾವುದು ಎಂದು ನೋಡಿ ದೂರು ಕೊಟ್ಟರೆ ಅಲೆದಾಟ ಅರ್ಧ ಕಡಿಮೆಯಾಗುತ್ತದೆ.

ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಮನೆಯ ಕರೆಂಟು ಬೆಸ್ಕಾಂನದು, ಸಂಖ್ಯೆ 1912. ಬೀದಿದೀಪ ಉರಿಯದಿದ್ದರೆ ಹೇಳಬೇಕಾದದ್ದು ಪಾಲಿಕೆಗೆ. ಬಸ್ಸು ಬಿಎಂಟಿಸಿಯದು. ವಾಹನ ದಟ್ಟಣೆ ಸಂಚಾರ ಪೊಲೀಸರದು.

ಖಾಲಿ ಕುರ್ಚಿಯ ಕಥೆ

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ, ರಚನೆಯಾದದ್ದು 2007ರಲ್ಲಿ. ಹಳೆಯ ನಗರ ಪಾಲಿಕೆಗೆ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಇವೆಲ್ಲದರ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ.

ಬಿಬಿಎಂಪಿ ಇದ್ದ ಹದಿನೆಂಟು ವರ್ಷಗಳಲ್ಲಿ ನಡೆದ ಚುನಾವಣೆಗಳು ಎರಡೇ, 2010 ಮತ್ತು 2015. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ವಾರ್ಡುಗಳ ಗಡಿ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ಮುಂದೆ ಹೋಗುತ್ತಲೇ ಹೋಯಿತು. ಐದು ವರ್ಷ ಇಡೀ ಮಹಾನಗರಕ್ಕೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ, ಆಡಳಿತಾಧಿಕಾರಿಗಳೇ ನಡೆಸಿದರು. 2015ರಲ್ಲಿ ಎಂಟು ವರ್ಷವಾಗಿದ್ದ ಮಗು 2025ಕ್ಕೆ ಮತದಾನದ ವಯಸ್ಸಿಗೆ ಬಂತು.

ನಮ್ಮ ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿಸಬೇಕು ಎಂದು ಅದು ಹೇಳುತ್ತದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದೂ ಹೇಳುತ್ತದೆ. ಬಾಡಿಗೆ ಮನೆಯವರೂ ಬೀದಿ ವ್ಯಾಪಾರಿಯೂ ತಮ್ಮ ಬೀದಿಯ ಮಾತನ್ನು ಆಡಳಿತದ ಮುಂದೆ ಇಡಲು ಇರುವ ಅತಿ ಹತ್ತಿರದ ವೇದಿಕೆ ಈ ವಾರ್ಡ್ ಸಮಿತಿಯೇ. ಹೊಲಿಗೆ ಅಂಗಡಿಯವರು ಎಂಜಿನಿಯರನ್ನು ಪರಿಚಯ ಮಾಡಿಕೊಂಡದ್ದು ಅಂಥ ಒಂದು ಸಭೆಯಲ್ಲಿ. ನಮ್ಮ ಮಸೀದಿಯಿಂದ ಯಾರೂ ಅಲ್ಲಿಗೆ ಹೋಗಿದ್ದವರಲ್ಲ.

ಕುರ್ಚಿ ಖಾಲಿ ಇದ್ದಾಗ ನಾವು ಕೇಳಲಿಲ್ಲ, ತುಂಬಿದ್ದಾಗಲೂ ಕೇಳಲಿಲ್ಲ. 2015ರ ಪಾಲಿಕೆ ಚುನಾವಣೆಯಲ್ಲಿ ಬೆಂಗಳೂರಿನ ಮತದಾರರಲ್ಲಿ ನೂರಕ್ಕೆ ಐವತ್ತು ಮಂದಿಯೂ ಮತ ಹಾಕಲಿಲ್ಲ. ಇದರಲ್ಲಿ ಎಲ್ಲ ಸಮುದಾಯದವರ ಪಾಲೂ ಇದೆ.

ಈಗ ಪಾಲಿಕೆ ಚುನಾವಣೆಯ ಮಾತು ಮತ್ತೆ ಕೇಳಿಬರುತ್ತಿದೆ. ಯಾರಿಗೆ ಮತ ಕೊಡಬೇಕು ಎಂದು ನಾವು ಮಿಂಬರ್‌ನಿಂದ ಹೇಳುವುದಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ದೇಶದ ಚುನಾವಣಾ ಕಾನೂನು ಭ್ರಷ್ಟ ನಡವಳಿಕೆ ಎಂದು ಪರಿಗಣಿಸುತ್ತದೆ. ಧಾರ್ಮಿಕ ಸಂಸ್ಥೆಗಳ ಜಾಗವನ್ನು ರಾಜಕೀಯಕ್ಕೆ ಬಳಸುವುದನ್ನು 1988ರ ಕೇಂದ್ರ ಕಾನೂನು ತಡೆಯುತ್ತದೆ. ಮಸೀದಿಯ ಗೌರವವೂ ಅದನ್ನೇ ಬಯಸುತ್ತದೆ. ಆದರೆ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ನೋಡಿಕೊಳ್ಳಿ ಎಂದು ಹೇಳುವುದು ನಮ್ಮ ಹೊಣೆ. ಪಾಲಿಕೆ ಚುನಾವಣೆಗೂ ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರ. ಹೊಸದಾಗಿ ಸೇರುವವರು ನಮೂನೆ 6, ಮನೆ ಬದಲಿಸಿದವರು ಮತ್ತು ಹೆಸರು, ವಯಸ್ಸು ತಿದ್ದಬೇಕಾದವರು ನಮೂನೆ 8 ತುಂಬಬೇಕು. ಈಗ ಹದಿನೆಂಟು ತುಂಬಿದವರು ಜನವರಿಗಾಗಿ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ, ಹೀಗೆ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ. ಬೆಂಗಳೂರಿನಲ್ಲಿ ನಮ್ಮ ಜನ ಬಾಡಿಗೆ ಮನೆ ಬದಲಿಸುತ್ತಲೇ ಇರುತ್ತಾರೆ. ಹೆಸರು ಹಳೆಯ ವಿಳಾಸದಲ್ಲೇ ಉಳಿದಿರುತ್ತದೆ. ಮತದಾನದ ದಿನ ಬೂತಿನ ಮುಂದೆ ನಿಂತು ಸಿಟ್ಟಾಗುವುದರಿಂದ ಏನೂ ಆಗುವುದಿಲ್ಲ.

ಸುದ್ದಿ ಬಂದಾಗ ಪರಿಶೀಲಿಸಿ

ನಗರದ ಆಗುಹೋಗುಗಳನ್ನು ಗಮನಿಸುವುದೆಂದರೆ ಮೊಬೈಲಿಗೆ ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುವುದಲ್ಲ. ಕಳೆದ ವರ್ಷ ನಮ್ಮ ಮೊಹಲ್ಲಾದಲ್ಲಿ ಒಂದು ಸಂದೇಶ ಹರಿದಾಡಿತು. ಸೋಮವಾರ ನಮ್ಮ ರಸ್ತೆಯ ಅಂಗಡಿಗಳನ್ನು ಒಡೆಯುತ್ತಾರೆ ಎಂದು ಅದರಲ್ಲಿತ್ತು, ನೋಟಿಸಿನ ಚಿತ್ರವೂ ಇತ್ತು. ಭಾನುವಾರ ರಾತ್ರಿ ಹಣ್ಣಿನ ಅಂಗಡಿಯವರು ಸರಕನ್ನು ಅರ್ಧ ಬೆಲೆಗೆ ಮಾರಿದರು. ಒಬ್ಬರು ಸಾಲ ಮಾಡಿ ಗೋದಾಮು ಹಿಡಿದರು. ಸೋಮವಾರ ಯಾರೂ ಬರಲಿಲ್ಲ. ಆಮೇಲೆ ನೋಡಿದರೆ ನೋಟಿಸು ಬೇರೆ ಊರಿನದು, ಮೂರು ವರ್ಷ ಹಳೆಯದು. ಅದನ್ನು ನಮಗೆ ಕಳಿಸಿದವರು ಹದಿನೇಳು ಮಂದಿ. ದಿನಾಂಕ ಓದಿದವರು ಒಬ್ಬರೂ ಇರಲಿಲ್ಲ.

ನಂಬಲು ಅರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಿ, ಇಲ್ಲವಾದರೆ ತಿಳಿಯದೆ ಜನರಿಗೆ ಹಾನಿ ಮಾಡಿ ನಂತರ ಪಶ್ಚಾತ್ತಾಪ ಪಡುವಿರಿ ಎಂಬ ಎಚ್ಚರಿಕೆ ಸೂರಃ ಅಲ್‌ಹುಜುರಾತ್‌ನ 6ನೆಯ ಆಯತ್‌ನಲ್ಲಿದೆ. ಆ ಭಾನುವಾರದ ರಾತ್ರಿ ಹಾನಿಯೂ ಆಯಿತು, ಪಶ್ಚಾತ್ತಾಪವೂ ಆಯಿತು.

ಪರಿಶೀಲಿಸುವುದು ಕಷ್ಟವಲ್ಲ. ನೋಟಿಸಿನಲ್ಲಿ ದಿನಾಂಕ, ಕಚೇರಿಯ ಹೆಸರು, ಕಡತದ ಸಂಖ್ಯೆ, ಸಹಿ ಇದೆಯೇ ನೋಡಿ. ಕನ್ನಡ ದಿನಪತ್ರಿಕೆಯ ಬೆಂಗಳೂರು ಪುಟವನ್ನು ದಿನಕ್ಕೆ ಹತ್ತು ನಿಮಿಷ ಓದಿ. ವಾರ್ಡಿನ ಗಡಿ, ಮೀಸಲಾತಿಯಂಥ ವಿಷಯಗಳಲ್ಲಿ ಸರ್ಕಾರ ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆಗೆ ಕೆಲವು ದಿನ ಕೊಡುತ್ತದೆ. ಆ ದಿನಗಳಲ್ಲಿ ಬರೆದ ಒಂದು ಪುಟದ ಅರ್ಜಿಗೆ ಇರುವ ಬೆಲೆ ಆಮೇಲೆ ಮಾಡಿದ ನೂರು ಭಾಷಣಗಳಿಗೆ ಇಲ್ಲ.

ತಾಳ್ಮೆಯೂ ಬೇಕು. 2007ರಲ್ಲಿ ನಗರಕ್ಕೆ ಸೇರಿದ ಆ 110 ಹಳ್ಳಿಗಳಿಗೆ ನೀರು ಕೊಡಲೆಂದೇ ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ನಡುವೆ ಹದಿನೇಳು ವರ್ಷ. ಒಂದು ಸಂಜೆಯ ಸಿಟ್ಟಿನಿಂದ ಇಂಥ ಕೆಲಸ ಆಗುವುದಿಲ್ಲ. ಕೇಳುತ್ತಲೇ ಇರುವವರು ಬೇಕು.

ಬರೆದು ಕೊಡಿ, ಸಂಖ್ಯೆ ಪಡೆಯಿರಿ

"ನಮ್ಮ ಮೊಹಲ್ಲಾ ಎಂದೇ ಕೆಲಸ ಮಾಡುವುದಿಲ್ಲ" ಎಂಬ ಮಾತನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ, ಆಡಿಯೂ ಇದ್ದೇವೆ. ಕೆಲವು ಕಡೆ ಅದು ನಿಜವೂ ಇರಬಹುದು. ಆದರೆ ಆ ದಿನ ರಿಜಿಸ್ಟರಿನ ಮುಂದೆ ಕುಳಿತಾಗ ನಮಗೆ ಒಂದು ಮಾತು ಅರ್ಥವಾಯಿತು. ಅನ್ಯಾಯ ಆಗಿದೆ ಎಂದು ತೋರಿಸಲೂ ದೂರಿನ ಸಂಖ್ಯೆ ಬೇಕು. ಮೂರು ಬಾರಿ ಬರೆದುಕೊಟ್ಟು, ಮೂರು ಸಂಖ್ಯೆ ಕೈಯಲ್ಲಿಟ್ಟುಕೊಂಡು, ಆದರೂ ಕೆಲಸವಾಗಲಿಲ್ಲ ಎಂದರೆ ಅದು ಸಾಕ್ಷ್ಯ. ಏನೂ ಬರೆಯದೆ ಆಡಿದ ಮಾತು ಬರಿಯ ಗೊಣಗಾಟ. ಸಾಕ್ಷ್ಯವನ್ನು ಮುಚ್ಚಿಡಬಾರದು ಎಂದು ಕುರ್‌ಆನ್ ಕಲಿಸುತ್ತದೆ. ಸಾಕ್ಷ್ಯವನ್ನು ಸಿದ್ಧಪಡಿಸುವ ಶ್ರಮವನ್ನೂ ನಾವು ಪಡಬೇಕು.

ದೂರಿನಿಂದ ಕೆಲಸವಾಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. 2005ರಿಂದ ಜಾರಿಯಲ್ಲಿರುವ ಈ ಕಾಯ್ದೆಯಂತೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್‌ನೊಂದಿಗೆ ಅರ್ಜಿ ಕೊಡಬಹುದು. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಇದೆ. "ಏಕೆ ಮಾಡಲಿಲ್ಲ?" ಎಂದು ಕೇಳಬೇಡಿ, ಅದಕ್ಕೆ ಉತ್ತರ ಸಿಗುವುದು ಕಷ್ಟ. "ಕಳೆದ ಎರಡು ವರ್ಷಗಳಲ್ಲಿ ಈ ರಸ್ತೆಗೆ ಮಂಜೂರಾದ ಕಾಮಗಾರಿಗಳ ಪಟ್ಟಿ, ಮೊತ್ತ ಮತ್ತು ಗುತ್ತಿಗೆದಾರರ ಹೆಸರು ಕೊಡಿ" ಎಂದು ಕೇಳಿ. ದಾಖಲೆಯಲ್ಲಿರುವುದನ್ನು ಕೇಳಿದರೆ ದಾಖಲೆಯೇ ಬರುತ್ತದೆ.

ಈಗ ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಅಸರ್ ನಂತರ ಇಬ್ಬರು ಕಾಲೇಜು ಹುಡುಗರು ಕಾಗದ, ಪೆನ್ನು ಹಿಡಿದು ಕುಳಿತುಕೊಳ್ಳುತ್ತಾರೆ. ಮಸೀದಿಯೊಳಗೆ ಅಲ್ಲ, ಎದುರಿನ ಹೊಲಿಗೆ ಅಂಗಡಿಯ ಜಗಲಿಯಲ್ಲಿ. ಯಾವ ಮನೆಯವರು ಬಂದರೂ ಬರೆದುಕೊಡುತ್ತಾರೆ. ಪಕ್ಷದ ಮಾತು ಅಲ್ಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದೂರು, ಸಂಖ್ಯೆ, ದಿನಾಂಕ, ಏನಾಯಿತು ಎಂದು ದಾಖಲಿಸುತ್ತಾರೆ. ಎಲ್ಲವೂ ಆಗುತ್ತಿದೆ ಎಂದು ನಾವು ಹೇಳುವುದಿಲ್ಲ. ಮೂರನೆಯ ಅಡ್ಡರಸ್ತೆಯ ದೀಪ ಇನ್ನೂ ಹಾಗೆಯೇ ಇದೆ, ಅದರ ಮುಂದೆ ನಾಲ್ಕು ಸಂಖ್ಯೆಗಳಿವೆ. ಐದನೆಯದನ್ನೂ ಬರೆಯುತ್ತೇವೆ.

ಜಗಲಿಗೆ ಹೆಚ್ಚು ಬರುವವರು ಮಹಿಳೆಯರು. ನೀರು ಎಷ್ಟು ಗಂಟೆಗೆ ನಿಂತಿತು, ಕಸದ ಆಟೊ ಎಷ್ಟು ದಿನ ಬರಲಿಲ್ಲ ಎಂಬ ಲೆಕ್ಕ ಅವರ ಬಳಿ ಇರುತ್ತದೆ. ಹ. ಉಮರ್(ರ) ಅವರು ಮದೀನಾದ ಮಾರುಕಟ್ಟೆಯ ಮೇಲ್ವಿಚಾರಣೆಯಲ್ಲಿ ಹ. ಶಿಫಾ ಬಿಂತ್ ಅಬ್ದುಲ್ಲಾ(ರ) ಅವರಿಗೆ ಹೊಣೆ ವಹಿಸಿದ್ದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ನಮ್ಮ ಸಹೋದರಿಯರು ವಾರ್ಡ್ ಸಭೆಗೆ ಹೋದರೆ ಹುಬ್ಬೇರಿಸುವವರು ಇದನ್ನು ಓದಲಿ.

ಒಂಟಿಯಾಗಿ ಅಲ್ಲ

ಪ್ರವಾದಿತ್ವಕ್ಕಿಂತ ಮೊದಲು, ಯೌವನದಲ್ಲಿ, ಪ್ರವಾದಿ(ಸ) ಮಕ್ಕಾದ ಒಂದು ಒಪ್ಪಂದದಲ್ಲಿ ಭಾಗಿಯಾಗಿದ್ದರು. ಹೊರಗಿನಿಂದ ಬಂದ ವ್ಯಾಪಾರಿಯೊಬ್ಬನಿಗೆ ಸರಕಿನ ಹಣ ಕೊಡದೆ ಮಕ್ಕಾದ ಪ್ರಬಲನೊಬ್ಬ ವಂಚಿಸಿದ್ದ. ಆಗ ಕೆಲವು ಗೋತ್ರಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಪರ ಒಟ್ಟಾಗಿ ನಿಲ್ಲುತ್ತೇವೆ ಎಂದು ಪ್ರತಿಜ್ಞೆ ಮಾಡಿದರು. ಅದೇ ಹಿಲ್ಫುಲ್ ಫುಝೂಲ್. ಸೇರಿದವರು ಮುಸ್ಲಿಮರಾಗಿರಲಿಲ್ಲ. ಆದರೂ ಇಸ್ಲಾಮ್ ಬಂದ ನಂತರವೂ ಅಂಥ ಒಪ್ಪಂದಕ್ಕೆ ಕರೆದರೆ ತಾವು ಓಗೊಡುವುದಾಗಿ ಪ್ರವಾದಿ(ಸ) ಹೇಳಿದ್ದರು. ಮೋರಿಯ ನೀರು ಮಸೀದಿಯ ಮುಂದೆಯೂ ಗುಡಿಯ ಮುಂದೆಯೂ ಒಂದೇ ರೀತಿ ನಿಲ್ಲುತ್ತದೆ. ಅದನ್ನು ಸರಿಪಡಿಸಲು ಒಟ್ಟಿಗೆ ಹೋಗುವುದರಲ್ಲಿ ಸಂಕೋಚವೇಕೆ?

ಮೊದಲು ನಮ್ಮ ಹೊಸ್ತಿಲು

ಕೊನೆಯದಾಗಿ ಒಂದು ಕಹಿ ಮಾತು. ಎಂಜಿನಿಯರ್ ಆ ದಿನ ರಿಜಿಸ್ಟರಿನ ಇನ್ನೊಂದು ಪುಟವನ್ನೂ ತೋರಿಸಿದ್ದರು. ನಮ್ಮ ಓಣಿಯಿಂದ ದೂರು ಬಂದಿರಲಿಲ್ಲ, ನಮ್ಮ ಓಣಿಯ ಮೇಲೆ ಬಂದಿತ್ತು. ಶುಕ್ರವಾರ ಮಧ್ಯಾಹ್ನ ಗಾಡಿಗಳನ್ನು ಅಡ್ಡ ನಿಲ್ಲಿಸಿದ್ದರಿಂದ ಮೇಲಿನ ಮನೆಯ ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ಆಟೊ ಒಳಗೆ ಬರಲಾಗಲಿಲ್ಲ ಎಂದು ಒಬ್ಬ ತಾಯಿ ಬರೆದಿದ್ದರು. ಒಳಗೆ ನಾವು ದಾರಿಯ ಹಕ್ಕಿನ ಹದೀಸನ್ನೇ ಓದುತ್ತಿದ್ದೆವೋ ಏನೋ!

ರಸ್ತೆಯಲ್ಲಿ ಕುಳಿತುಕೊಳ್ಳಬೇಡಿ, ಕುಳಿತುಕೊಳ್ಳಲೇಬೇಕಾದರೆ ರಸ್ತೆಗೆ ಅದರ ಹಕ್ಕನ್ನು ಕೊಡಿ ಎಂದು ಪ್ರವಾದಿ(ಸ) ಸಹಾಬಿಗಳಿಗೆ ಬುದ್ಧಿ ಹೇಳಿದ್ದರು. ಯಾರಿಗೂ ತೊಂದರೆ ಕೊಡದಿರುವುದು ಆ ಹಕ್ಕುಗಳಲ್ಲಿ ಒಂದು. ಈಗ ಜುಮಾದ ದಿನ ನಾಲ್ವರು ಯುವಕರು ಹೊರಗೆ ನಿಂತು, ಒಂದು ಗಾಡಿ ಹೋಗುವಷ್ಟು ದಾರಿ ಬಿಡಿಸುತ್ತಾರೆ. ಬಕ್ರೀದ್‌ನ ತ್ಯಾಜ್ಯವನ್ನು ಮೋರಿಗೆ ಬಿಡದೆ, ಪಾಲಿಕೆಯ ವಾಹನಕ್ಕೇ ಕೊಡುವಂತೆ ಮನೆಮನೆಗೆ ಹೇಳಿದ್ದೇವೆ. ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಮದ್ರಸಾದಿಂದಲೇ ಆರಂಭಿಸಿದ್ದೇವೆ. ಕಸವನ್ನು ಬೆರೆಸಿ ಕೊಟ್ಟರೆ ಅದನ್ನು ಬರಿಗೈಯಲ್ಲಿ ಬೇರ್ಪಡಿಸಬೇಕಾದದ್ದು ಒಬ್ಬ ಪೌರಕಾರ್ಮಿಕ, ಅವನೂ ಆದಮ್(ಅ)ರ ಮಗನೇ. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಸುಮಾರು ಮುಕ್ಕಾಲು ಲೀಟರಿನಲ್ಲಿ ವುಝೂ ಮಾಡುತ್ತಿದ್ದರು. ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದ ಕಾವೇರಿಯನ್ನು ನಾವು ನಲ್ಲಿ ತೆರೆದಿಟ್ಟು ಹರಿಸುತ್ತಿದ್ದೆವು. ವುಝೂಖಾನೆಯ ನಲ್ಲಿಗಳನ್ನು ಬದಲಿಸಿದ್ದೇವೆ. ನಮ್ಮ ಹೊಸ್ತಿಲು ಸರಿಯಿದ್ದರೆ ಕಚೇರಿಯ ಮುಂದೆ ತಲೆಯೆತ್ತಿ ನಿಲ್ಲಬಹುದು.

ಓದುಗ ಸಹೋದರ ಸಹೋದರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಜುಮಾದೊಳಗೆ ಮೂರು ಸಂಗತಿ ತಿಳಿದುಕೊಳ್ಳಿ: ನಿಮ್ಮ ಪಾಲಿಕೆ ಮತ್ತು ವಾರ್ಡು ಯಾವುದು, ವಾರ್ಡ್ ಎಂಜಿನಿಯರ್ ಕಚೇರಿ ಎಲ್ಲಿದೆ, ಮತದಾರರ ಪಟ್ಟಿಯಲ್ಲಿ ಮನೆಯ ಎಲ್ಲರ ಹೆಸರಿದೆಯೇ. ನಂತರ ಮಸೀದಿಗೆ ಹೋಗುವ ದಾರಿಯನ್ನು ಒಮ್ಮೆ ಕಣ್ಣಿಟ್ಟು ನೋಡಿ.

ಆ ಹಿರಿಯರು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಮಸೀದಿಗೆ ಬರಲು ಆಗುತ್ತಿಲ್ಲ, ಮನೆಯಲ್ಲೇ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುತ್ತಾರೆ. ಮೊದಲ ಸಾಲಿನ ಬಲತುದಿಯಲ್ಲಿ ಅವರ ಜಾಗವಿತ್ತು. ಚಪ್ಪಡಿ ಹಾಕಿದ ದಿನ ನಾವು ಹೋಗಿ ಹೇಳಿದಾಗ "ಅಲ್‌ಹಮ್ದುಲಿಲ್ಲಾಹ್" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಹಜ್ರತ್, ಇಷ್ಟು ಸುಲಭವಿತ್ತಾ?" ಎಂದು ಕೇಳಿದರು. ಆ ಪ್ರಶ್ನೆಗೂ ನಮ್ಮಲ್ಲಿ ಉತ್ತರವಿರಲಿಲ್ಲ.

ನೆರೆಹೊರೆಯವರ ಹಕ್ಕನ್ನೂ ದಾರಿಯ ಹಕ್ಕನ್ನೂ ಅರಿತು ನಡೆಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ನಮ್ಮ ಅಲಕ್ಷ್ಯವನ್ನು ಮನ್ನಿಸಲಿ. ಆ ಹಿರಿಯರಿಗೆ ಪೂರ್ಣ ಶಿಫಾ ಅನುಗ್ರಹಿಸಿ, ಮತ್ತೆ ಮೊದಲ ಸಾಲಿಗೆ ಕರೆತರಲಿ. ಆಮೀನ್.